ಘಟ್ಟಕ್ಕೆ ಹೋಗಲೇ, ಜಗಳೂರಿನಲ್ಲೇ ಉಳಿಯಲೇ? ಬಯಲುಸೀಮೆಯಲ್ಲಿ ಪರಿಸರ ವಿಜ್ಞಾನಿಯ ಕೆಲಸ

ಜಗಳೂರಿನವಳು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದೇನೆ. ಊರು ಜಗಳೂರು ತಾಲ್ಲೂಕಿನಲ್ಲಿದೆ. ನಮ್ಮ ಹೊಲದ ಬದುವಿನಲ್ಲಿ ನಿಂತರೆ ರಂಗಯ್ಯನದುರ್ಗದ ಗುಡ್ಡಗಳು ಕಾಣುತ್ತವೆ. ಕಾಡು, ಪ್ರಾಣಿ, ಹಕ್ಕಿಗಳ ಅಧ್ಯಯನವನ್ನೇ ಉದ್ಯೋಗ ಮಾಡಿಕೊಳ್ಳಬೇಕೆಂದು ಪದವಿಯ ದಿನಗಳಿಂದ ಆಸೆ ಇದೆ. ಆದರೆ ಯಾರನ್ನು ಕೇಳಿದರೂ ಆಗುಂಬೆಗೆ ಹೋಗು, ಕುದುರೆಮುಖಕ್ಕೆ ಹೋಗು, ಇಲ್ಲವೇ ಬಂಡೀಪುರಕ್ಕೆ ಹೋಗು ಎನ್ನುತ್ತಾರೆ. "ನಿಮ್ಮ ಕಡೆ ಏನಿದೆ, ಬರೀ ಜಾಲಿ ಮುಳ್ಳು" ಎಂದು ಸಹಪಾಠಿಗಳೇ ಹೇಳಿದ್ದುಂಟು. ಅಪ್ಪ ಬಿ.ಇಡಿ. ಮಾಡು ಎನ್ನುತ್ತಿದ್ದಾರೆ.

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಈ ಕೆಲಸ ಮಾಡುತ್ತಿರುವವರು ಯಾರಾದರೂ ಇಲ್ಲಿದ್ದೀರಾ? ದಿನವೂ ಏನು ಮಾಡುತ್ತೀರಿ? ಸಂಬಳ ಬದುಕಲು ಸಾಲುತ್ತದೆಯೇ? ಇಲ್ಲೇ ಉಳಿದರೆ ಹಿಂದೆ ಬೀಳುತ್ತೇನೆಯೇ? ದಯವಿಟ್ಟು ಮುಚ್ಚುಮರೆ ಇಲ್ಲದೆ ತಿಳಿಸಿ.

ಕಾವಲಿನ ದಾರಿ

ತಂಗಿ, ನಾನು ಚಳ್ಳಕೆರೆ, ಹಿರಿಯೂರು ಕಡೆಯ ಹುಲ್ಲುಗಾವಲುಗಳಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಹೊಲದಿಂದ ಕಾಣುವ ಗುಡ್ಡದಿಂದಲೇ ಶುರು ಮಾಡುತ್ತೇನೆ.

ರಂಗಯ್ಯನದುರ್ಗವನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದ್ದು ಕೊಂಡುಕುರಿಗಾಗಿ. ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರ್. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು. ನಾಲ್ಕು ಕೊಂಬಿನ ಕಾಡುಪ್ರಾಣಿ ಜಗತ್ತಿನಲ್ಲಿ ಇದೊಂದೇ, ಅದೂ ಭಾರತ ಮತ್ತು ನೇಪಾಳದಲ್ಲಿ ಮಾತ್ರ ಇದೆ. ಘಟ್ಟದ ಮಳೆಕಾಡಿಗೆ ಹೋಗಿ ಹುಡುಕಿದರೆ ಇದು ಸಿಗುವುದಿಲ್ಲ. ಅದಕ್ಕೆ ಬೇಕಾದದ್ದು ನಿಮ್ಮೂರಿನಂತಹ ಒಣ ಎಲೆ ಉದುರುವ ಕಾಡು, ಗುಡ್ಡದ ಇಳಿಜಾರು, ಎದೆಮಟ್ಟದ ಹುಲ್ಲು, ಹತ್ತಿರದಲ್ಲಿ ಎಲ್ಲಾದರೂ ನೀರು. ಗುಂಪಾಗಿ ಓಡಾಡುವುದಿಲ್ಲ, ಒಂಟಿಯಾಗಿ ಅಡಗಿ ಬದುಕುತ್ತದೆ. ಹಾಗಾಗಿ ಅದನ್ನು ಕಣ್ಣಾರೆ ನೋಡಿ ಎಣಿಸುವುದು ಬಹಳ ಕಷ್ಟ.

ಹಾಗಾದರೆ ಅಧ್ಯಯನ ಹೇಗೆ? ಕೊಂಡುಕುರಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ. ಗೊತ್ತುಪಡಿಸಿದ ದಾರಿಯಲ್ಲಿ ನಡೆದು ಆ ಹಿಕ್ಕೆಗುಡ್ಡೆಗಳನ್ನು ಹುಡುಕಿ, ಪ್ರತಿಯೊಂದರ ಸ್ಥಾನ, ಸುತ್ತಲಿನ ಮರ, ಹುಲ್ಲಿನ ಎತ್ತರ, ನೀರಿಗೆ ಇರುವ ದೂರ, ದನದ ಓಡಾಟ ಎಲ್ಲವನ್ನೂ ಬರೆದುಕೊಳ್ಳುತ್ತೇವೆ. ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರು ಬಂದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ, ಇಟ್ಟು ಅದನ್ನು ಪರೀಕ್ಷಿಸುತ್ತೇವೆ. ಒಂದು ಋತುವಿನಲ್ಲಿ ಹುಲ್ಲಿರುವ ಇಳಿಜಾರು ಇನ್ನೊಂದು ಋತುವಿನಲ್ಲಿ ಬೋಳಾಗಿರುತ್ತದೆ. ಆಗ ಪ್ರಾಣಿ ಎಲ್ಲಿಗೆ ಹೋಯಿತು ಎಂದು ಹುಡುಕುವುದೇ ಕೆಲಸ. ಬೇಸಿಗೆಯಲ್ಲಿ ಬೆಳಗಿನ ಒಂಬತ್ತು ಗಂಟೆಯೊಳಗೆ ನಡಿಗೆ ಮುಗಿಯಬೇಕು. ಮಧ್ಯಾಹ್ನ ದತ್ತಾಂಶ ತುಂಬುವುದು, ಸಂಜೆ ಊರಿನವರೊಂದಿಗೆ ಮಾತು. ವನ್ಯಜೀವಿ ಧಾಮದೊಳಗೆ ಏನೇ ಅಧ್ಯಯನ ಮಾಡಬೇಕಾದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಯೋಜನೆ ಹಾಕುವಾಗಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಂಬಳದ ಮಾತು. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾಗಿ ಜೆ.ಆರ್.ಎಫ್., ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್, ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಯೋಜನಾ ಸಹಾಯಕರ ಹುದ್ದೆಗಳಲ್ಲಿ ಅದಕ್ಕಿಂತ ಕಡಿಮೆ ಸಿಗುವುದೇ ಹೆಚ್ಚು, ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ. ನಡುವೆ ಖಾಲಿ ಕೂರುವ ತಿಂಗಳುಗಳು ಬರುತ್ತವೆ. ಅಪ್ಪನಿಗೆ ಇದನ್ನು ಈಗಲೇ ಹೇಳಿಬಿಡಿ.

ಹಟ್ಟಿಯ ಹುಡುಗ

ನಾನು ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯವನು. ಓದಿದ್ದು ಐ.ಟಿ.ಐ. ಮನೆಯಲ್ಲಿ ಇಂದಿಗೂ ಕುರಿ ಇವೆ. ಅಕ್ಕ, ನೀವು ಓದಿದವರು, ನನ್ನ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ನಮ್ಮ ಹಟ್ಟಿಯ ಪಕ್ಕದ ಬಯಲಿನಲ್ಲಿ ತಾತನ ಕಾಲದಿಂದ ಕುರಿ ಮೇಯಿಸುತ್ತಿದ್ದೆವು. ಮುಂಗಾರಿನ ಎರಡು ಮಳೆ ಬಿದ್ದರೆ ಸಾಕು, ಹುಲ್ಲು ಎದ್ದು ನಿಲ್ಲುತ್ತಿತ್ತು. ಕೃಷ್ಣಮೃಗಗಳು ನಮ್ಮ ಕುರಿಗಳ ಪಕ್ಕದಲ್ಲೇ ಮೇಯುತ್ತಿದ್ದವು. ಒಂದು ವರ್ಷ ಜೆಸಿಬಿ ಬಂದು ಬಯಲಿನ ತುಂಬ ಕಂದಕ ತೋಡಿ, ನೀಲಗಿರಿ ಮತ್ತಿತರ ಸಸಿ ನೆಟ್ಟು, ಮೇಯಿಸಬಾರದೆಂದು ಹೇಳಿದರು. ಸಸಿಗಳಲ್ಲಿ ಅರ್ಧ ಒಣಗಿದವು. ಕಂದಕದ ದಂಡೆಯ ಮೇಲೆ ಬಳ್ಳಾರಿ ಜಾಲಿ ಹಬ್ಬಿತು. ಹುಲ್ಲೂ ಹೋಯಿತು, ಜಿಂಕೆಯೂ ಹೋಯಿತು. ನಮ್ಮಪ್ಪ ಮಂದೆಯಲ್ಲಿ ಅರ್ಧ ಮಾರಬೇಕಾಯಿತು. ಹಸಿರು ಮಾಡಲು ಬಂದಿದ್ದೇವೆ ಎಂದೇ ಅವರು ಹೇಳಿದ್ದರು. ಆ ದಿನ ನಮ್ಮ ಪರವಾಗಿ ಒಬ್ಬ ವಿಜ್ಞಾನಿ ನಿಂತು, "ಇದು ಪಾಳು ಜಮೀನಲ್ಲ, ಇದೇ ಇಲ್ಲಿನ ಕಾಡು" ಎಂದು ಕಾಗದದಲ್ಲಿ ಬರೆದುಕೊಟ್ಟಿದ್ದರೆ ಏನಾದರೂ ಆಗುತ್ತಿತ್ತೇನೋ. ನಾವು ಬಾಯಲ್ಲಿ ಹೇಳಿದರೆ ಕೇಳುವವರಿರಲಿಲ್ಲ.

ಕಾವಲಿನ ದಾರಿ

ತಮ್ಮಾ, ನೀವು ಬರೆದದ್ದೇ ಈ ಎರಡು ಜಿಲ್ಲೆಗಳ ಪರಿಸರ ವಿಜ್ಞಾನದ ಮುಖ್ಯ ಸಮಸ್ಯೆ. ಘಟ್ಟದಲ್ಲಿ ಮರ ಕಡಿದರೆ ನಾಶವೆಂದು ಎಲ್ಲರಿಗೂ ಅರ್ಥವಾಗುತ್ತದೆ. ಇಲ್ಲಿ ಮರ ನೆಡುವುದೇ ನಾಶವಾಗಬಹುದು ಎಂದರೆ ನಂಬುವವರು ಕಡಿಮೆ.

ಸರ್ಕಾರದ ಭೂದಾಖಲೆಗಳಲ್ಲಿ, ದೇಶದ ಪಾಳುಭೂಮಿಗಳ ನಕ್ಷೆಯಲ್ಲಿ ಹುಲ್ಲುಗಾವಲು ಮತ್ತು ಕುರುಚಲು ಕಾಡಿನ ದೊಡ್ಡ ಭಾಗ ಬಳಕೆಗೆ ಬಾರದ ಜಮೀನಿನ ಸಾಲಿನಲ್ಲಿದೆ. ಯಾವ ಯೋಜನೆಗೆ ಜಾಗ ಬೇಕಾದರೂ ಮೊದಲ ಕಣ್ಣು ಬೀಳುವುದು ಅಲ್ಲಿಗೇ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ವಿಷಯ ಇಲ್ಲಿನ ಎಲ್ಲರಿಗೂ ಗೊತ್ತಿದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲುಗಳವು. ಸುಮಾರು ಹತ್ತು ಸಾವಿರ ಎಕರೆ ರಕ್ಷಣಾ, ಅಣು, ಬಾಹ್ಯಾಕಾಶ, ಸಂಶೋಧನಾ ಸಂಸ್ಥೆಗಳಿಗೆ ಹೋಯಿತು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೆ ಹೋಯಿತು. ಆ ಸಂಸ್ಥೆಗಳು ದೇಶಕ್ಕೆ ಬೇಕು ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಹಂಚುವ ಮೊದಲು ಅಲ್ಲಿ ಯಾವ ಹುಲ್ಲು, ಯಾವ ಹಕ್ಕಿ, ಎಷ್ಟು ಮಂದೆ ಇದೆ ಎಂದು ವರ್ಷಗಟ್ಟಲೆ ಬರೆದಿಟ್ಟ ದಾಖಲೆ ಮೇಜಿನ ಮೇಲಿರಬೇಕಿತ್ತು. ಅಂತಹ ದಾಖಲೆ ಮಾಡುವವರು ಬೇಕು, ಅವರು ಇದೇ ನೆಲದವರಾದರೆ ಇನ್ನೂ ಒಳ್ಳೆಯದು.

ರಾಣೆಬೆನ್ನೂರಿನ ಪಾಠವೂ ಪಕ್ಕದಲ್ಲೇ ಇದೆ. ಕೃಷ್ಣಮೃಗಕ್ಕೆಂದು 1974ರಲ್ಲಿ ಘೋಷಿಸಿದ ಧಾಮದಲ್ಲಿ ಬಹುಭಾಗ ನೀಲಗಿರಿ ನೆಡುತೋಪು. ಬಯಲಿನಲ್ಲಿ ದೂರದವರೆಗೆ ಕಣ್ಣು ಹಾಯಿಸಿ, ಅಪಾಯ ಕಂಡ ಕೂಡಲೇ ಓಡಿ ಬದುಕುವ ಪ್ರಾಣಿ ಕೃಷ್ಣಮೃಗ. ದಟ್ಟ ತೋಪು ಅದಕ್ಕೆ ಆಗಿಬರುವುದಿಲ್ಲ. ಅಲ್ಲಿದ್ದ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಣ್ಮರೆಯಾಯಿತು. ಇಂದು ರಾಜ್ಯದಲ್ಲಿ ಅದು ಬೆರಳೆಣಿಕೆಯಷ್ಟು ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಭೂಮಿಯಲ್ಲಿ.

ಇನ್ನು ಸೆಳೆವ ಹಕ್ಕಿಗಳು, ಇಂಗ್ಲಿಷಿನಲ್ಲಿ ಹ್ಯಾರಿಯರ್. ಮಧ್ಯ ಏಷ್ಯಾದಿಂದ ಚಳಿಗಾಲಕ್ಕೆ ಬರುವ ಈ ಬೇಟೆಹಕ್ಕಿಗಳು ರಾತ್ರಿ ಮರದ ಮೇಲೆ ಮಲಗುವುದಿಲ್ಲ, ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆ ಗುಂಪಾಗಿ ಕಳೆಯುತ್ತವೆ. ಹಗಲಿನಲ್ಲಿ ಮಿಡತೆ ತಿನ್ನುತ್ತವೆ. ಹುಲ್ಲು ಹೋದರೆ ಹಕ್ಕಿಗೆ ಮಲಗುವ ಜಾಗ ಹೋಯಿತು, ರೈತನಿಗೆ ಮಿಡತೆ ತಿನ್ನುವವರು ಹೋದರು.

ಮೊಳಕಾಲ್ಮುರು ಶೇಂಗಾ

ಎಲ್ಲರೂ ಪ್ರಾಣಿಗಳ ಪರವಾಗಿ ಬರೆಯುತ್ತಿದ್ದೀರಿ, ಸಂತೋಷ. ನಾನು ಆರು ಎಕರೆ ಶೇಂಗಾ ಹಾಕುವ ರೈತ. ಮಳೆ ನಂಬಿದ ಬೆಳೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ನಮ್ಮದು. ಮಳೆ ಬಂದ ವರ್ಷ ಕಾಡುಹಂದಿ ಬರುತ್ತದೆ. ಒಂದು ರಾತ್ರಿಯಲ್ಲಿ ಸಾಲುಸಾಲು ಕಿತ್ತುಹಾಕಿ ಹೋಗುತ್ತದೆ. ಗುಡ್ಡದ ಅಂಚಿನ ಹೊಲಗಳಲ್ಲಿ ಕರಡಿಯ ಭಯ. ನಮ್ಮೂರಿನ ಒಬ್ಬರಿಗೆ ಬೆಳಗಿನ ಜಾವ ಕರಡಿ ಮುಖ ಪರಚಿ ಒಂದು ಕಣ್ಣು ಹೋಯಿತು. ಪರಿಹಾರಕ್ಕೆ ಅರ್ಜಿ ಹಾಕಿ ಓಡಾಡಿದ್ದೇ ಬಂತು.

ಜೀವವೈವಿಧ್ಯ ಉಳಿಯಲಿ ಎಂದು ಹೇಳುವವರು ರಾತ್ರಿ ನಮ್ಮ ಹೊಲ ಕಾಯಲು ಬರುತ್ತೀರಾ? ಇದನ್ನು ಸಿಟ್ಟಿನಿಂದ ಕೇಳುತ್ತಿಲ್ಲ. ಉತ್ತರ ಬೇಕು.

ಕಾವಲಿನ ದಾರಿ

ಅಣ್ಣ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ರೈತನ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಧ್ಯಯನ ಈ ಸೀಮೆಗೆ ಕೆಲಸಕ್ಕೆ ಬಾರದು. ನನಗೆ ತಿಳಿದಷ್ಟು ಹೇಳುತ್ತೇನೆ.

ಕರಡಿ ತಿನ್ನುವುದು ಗೆದ್ದಲು, ಇರುವೆ, ಜೇನು ಮತ್ತು ಹಣ್ಣು. ಕವಳೆ, ಎಲಚಿ, ಕಾರೆ, ಅತ್ತಿ, ಸೀತಾಫಲ. ಹಗಲು ಬಂಡೆಗಳ ಸಂದಿಯಲ್ಲಿ ಮಲಗಿ ಸಂಜೆ ಹೊರಬಿದ್ದು ಬೆಳಗಿನ ಜಾವ ಹಿಂತಿರುಗುತ್ತದೆ. ಕಲ್ಲುಗಣಿಗಾಗಿ ಬಂಡೆಗುಡ್ಡ ಒಡೆದರೆ ಅದರ ಮನೆ ಹೋಗುತ್ತದೆ. ಲಂಟಾನ, ಬಳ್ಳಾರಿ ಜಾಲಿ ಹಬ್ಬಿ ಹಣ್ಣಿನ ಗಿಡಗಳು ಮುಚ್ಚಿಹೋದರೆ ಊಟ ಹೋಗುತ್ತದೆ. ಮೇಲಾಗಿ ಅದೇ ಲಂಟಾನ ಪೊದೆ ಹೊಲದ ಅಂಚಿನವರೆಗೆ ಬಂದರೆ, ಕರಡಿಗೆ ಮರೆಯಾಗಿ ಊರಿನ ಹತ್ತಿರವೇ ಮಲಗುವ ಜಾಗ ಸಿಗುತ್ತದೆ. ಕರಡಿಗೆ ಕಣ್ಣು ಮಂದ. ಹತ್ತಿರ ಬಂದ ಮೇಲೆಯೇ ಮನುಷ್ಯ ಕಾಣುವುದರಿಂದ ಹೆದರಿ ಮೇಲೆ ಬೀಳುತ್ತದೆ. ಆದ್ದರಿಂದ ಗುಡ್ಡದ ಅಂಚಿನ ದಾರಿಯಲ್ಲಿ ನಸುಕಿನಲ್ಲಿ ಒಬ್ಬರೇ ಸದ್ದಿಲ್ಲದೆ ಹೋಗಬಾರದು, ಮಾತನಾಡುತ್ತಾ ಹೋಗಬೇಕು. ಯಾವ ದಾರಿ, ಯಾವ ತಿಂಗಳು, ಯಾವ ಹೊತ್ತು ಹೆಚ್ಚು ಅಪಾಯ ಎಂದು ಊರಿನವರ ಜೊತೆ ಕುಳಿತು ನಕ್ಷೆ ಮಾಡಿದರೆ, ಎಲ್ಲಿ ಪೊದೆ ಸವರಬೇಕು, ಎಲ್ಲಿ ದೀಪ ಬೇಕು ಎಂದು ಪಂಚಾಯಿತಿಗೆ ತೋರಿಸಬಹುದು. ಈ ನಕ್ಷೆಯೂ ಪರಿಸರ ವಿಜ್ಞಾನಿಯ ಕೆಲಸವೇ.

ಹಂದಿಯ ವಿಷಯದಲ್ಲಿ ನನ್ನ ಹತ್ತಿರ ಸುಲಭದ ಉತ್ತರವಿಲ್ಲ. ಹಂದಿಮರಿ ತಿನ್ನುತ್ತಿದ್ದ ತೋಳಗಳು ಈ ಸೀಮೆಯಲ್ಲಿ ವಿರಳವಾಗಿವೆ, ಅದೊಂದು ಕಾರಣ ಇರಬಹುದು. ಆದರೆ ಇವತ್ತು ರಾತ್ರಿ ನಿಮ್ಮ ಹೊಲಕ್ಕೆ ಅದರಿಂದ ಪ್ರಯೋಜನವಿಲ್ಲ ಎನ್ನುವುದು ನನಗೆ ಗೊತ್ತು.

ಸೂಳೆಕೆರೆ ದಂಡೆ

ಚನ್ನಗಿರಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಚರ್ಚೆ ಒಣ ಬಯಲಿನಲ್ಲೇ ನಿಂತಿದೆ, ಕೆರೆಗಳನ್ನು ಮರೆಯಬೇಡಿ. ಹರಿದ್ರಾವತಿಗೆ ಅಡ್ಡಲಾಗಿ ಕಟ್ಟಿದ ನಮ್ಮ ಸೂಳೆಕೆರೆ, ಅಂದರೆ ಶಾಂತಿಸಾಗರ, ಆರು ಸಾವಿರಕ್ಕೂ ಹೆಚ್ಚು ಎಕರೆ. ಚಿತ್ರದುರ್ಗದವರು ಕುಡಿಯುವ ನೀರೂ ಇಲ್ಲಿಂದ ಹೋಗುತ್ತದೆ. ಅಂಚಿನ ಒತ್ತುವರಿ, ಹೂಳು, ಸುತ್ತಲಿನ ಅಡಿಕೆ ತೋಟಗಳಿಂದ ಮಳೆನೀರಿನ ಜೊತೆ ಹರಿದು ಬರುವ ಗೊಬ್ಬರ ಮತ್ತು ಔಷಧಿ ಇವೆಲ್ಲ ನಮ್ಮ ಚಿಂತೆ. ಹೂಳು ತೆಗೆಯುವುದು ಒಳ್ಳೆಯದೇ. ಆದರೆ ಕೆರೆಯನ್ನು ಬಟ್ಟಲಿನಂತೆ ನೇರ ದಂಡೆ ಮಾಡಿ ಅಗೆದರೆ, ಕಾಲೂರಿ ಮೇಯುವ ಹಕ್ಕಿಗಳಿಗೆ ಬೇಕಾದ ಮೊಣಕಾಲುದ್ದದ ನೀರು ಎಲ್ಲಿಯೂ ಉಳಿಯುವುದಿಲ್ಲ. ಅಂಚಿನ ಜೊಂಡು ಹೋದರೆ ಮೀನು ಮೊಟ್ಟೆಯಿಡುವ ಜಾಗವೂ ಹೋಗುತ್ತದೆ. ಮೀನು ಹಿಡಿಯುವ ಕುಟುಂಬಗಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಂದಾಜುಪಟ್ಟಿ ಮಾಡುವ ಎಂಜಿನಿಯರಿಗೆ ಹೇಳಬೇಕು.

ಮಕ್ಕಳಿಂದ ಪ್ರತಿ ತಿಂಗಳೂ ಹಕ್ಕಿಗಳ ಪಟ್ಟಿ ಮಾಡಿಸಿ, ಹಕ್ಕಿ ನೋಡುವವರ ಆನ್‌ಲೈನ್ ದಾಖಲೆ ತಾಣವಾದ ಇ-ಬರ್ಡ್‌ಗೆ ಹಾಕಿಸುತ್ತಿದ್ದೇನೆ. ಮಗಳೇ, ನೀನು ಬಿ.ಇಡಿ. ಮಾಡಿದರೂ ಈ ದಾರಿ ಮುಚ್ಚಿಹೋಗುವುದಿಲ್ಲ. ಮೇಷ್ಟ್ರ ಕೆಲಸದಲ್ಲಿದ್ದು ಕೆರೆ ಕಾಯಬಹುದು. ಅಪ್ಪನ ಮಾತನ್ನು ಪೂರ್ತಿ ತಳ್ಳಿಹಾಕಬೇಡ.

ಗಾಳಿಗುಡ್ಡ

ನಾನು ಪರಿಸರ ಪರಿಣಾಮ ಮೌಲ್ಯಮಾಪನದ ವರದಿಗಳನ್ನು ತಯಾರಿಸುವ ಒಂದು ಸಲಹಾ ಸಂಸ್ಥೆಯಲ್ಲಿದ್ದೆ, ಈಗ ಬಿಟ್ಟಿದ್ದೇನೆ. ಉದ್ಯೋಗವೆಂದು ನೋಡಿದರೆ ಸಂಬಳ ನಿಯಮಿತವಾಗಿ ಬರುವ ಜಾಗ ಇದು. ಅದಕ್ಕೇ ಇದರ ಬಗ್ಗೆ ಹೇಳಬೇಕು.

ಒಂದೇ ಋತುವಿನಲ್ಲಿ ಕೆಲವು ದಿನ ಓಡಾಡಿ ಪ್ರಾಣಿ, ಪಕ್ಷಿ, ಸಸ್ಯಗಳ ಪಟ್ಟಿ ಕೊಡಬೇಕು. ಏಪ್ರಿಲ್‌ನಲ್ಲಿ ಬಯಲಿಗೆ ಹೋದರೆ ಹುಲ್ಲಿರುವುದಿಲ್ಲ, ವಲಸೆ ಹಕ್ಕಿಗಳು ಹೋಗಿರುತ್ತವೆ, ಕಪ್ಪೆ ನೆಲದಡಿ ಇರುತ್ತದೆ. ವರದಿಯಲ್ಲಿ "ಗಮನಾರ್ಹ ಜೀವಿಗಳಿಲ್ಲ" ಎಂದು ಬರುತ್ತದೆ. ನಾನಿದ್ದಲ್ಲಿ ಹಳೆಯ ವರದಿಯ ಪಟ್ಟಿಯನ್ನೇ ಹೊಸದಕ್ಕೆ ಇಳಿಸುವುದನ್ನು ನೋಡಿ ಮನಸ್ಸು ಒಪ್ಪಲಿಲ್ಲ.

ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳಿಗೆ 2006ರ ಅಧಿಸೂಚನೆಯಡಿ ಪರಿಸರ ಪರಿಣಾಮ ಮೌಲ್ಯಮಾಪನವೇ ಕಡ್ಡಾಯವಲ್ಲ. ಅರಣ್ಯ ಭೂಮಿಯಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು, ಅಷ್ಟೇ. ಸೌರವಿದ್ಯುತ್ತಿಗೂ ಹೀಗೆಯೇ. ಮಹಾರಾಷ್ಟ್ರದ ಸಾತಾರಾ ಬಳಿ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಗಾಳಿಯಂತ್ರ ಇಲ್ಲದ ಜಾಗದಲ್ಲಿ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಹೆಚ್ಚಿದ್ದವು. ಯಂತ್ರಗಳಿರುವ ಕಡೆ ಹಕ್ಕಿಗಳ ಕಾಟ ತಪ್ಪಿದ್ದರಿಂದ ಓತಿಕ್ಯಾತಗಳ ಸಂಖ್ಯೆ ಏರಿತ್ತು, ಅವುಗಳ ನಡವಳಿಕೆ, ಮೈಕಟ್ಟು, ಬಣ್ಣದಲ್ಲೂ ವ್ಯತ್ಯಾಸ ಕಂಡಿತ್ತು. ಗಾಳಿಯಂತ್ರ ಬೇಡವೆಂದು ನಾನು ಹೇಳುವುದಿಲ್ಲ, ಕಲ್ಲಿದ್ದಲಿಗಿಂತ ಅದು ಎಷ್ಟೋ ಮೇಲು. ಯಾವ ಗುಡ್ಡದ ಮೇಲೆ, ಯಾವ ಸಾಲಿನಲ್ಲಿ, ದಾರಿ ಎಲ್ಲಿ ಕಡಿಯಬೇಕು ಎಂದು ನಿರ್ಧರಿಸುವಾಗ ಇಂತಹ ಅಧ್ಯಯನ ಇಲ್ಲೂ ಬೇಕು. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಕಾಡುಗುಡ್ಡದ ಸುತ್ತ ಮಾಡಲು ಇದಕ್ಕಿಂತ ಒಳ್ಳೆಯ ಪಿಎಚ್.ಡಿ. ವಿಷಯ ನನಗೆ ತೋಚುವುದಿಲ್ಲ.

ಜಗಳೂರಿನವಳು

ಇಷ್ಟು ಮನಸ್ಸಿಟ್ಟು ಬರೆದ ಎಲ್ಲರಿಗೂ ಕೃತಜ್ಞತೆ. ಕೆಲವು ಪ್ರಶ್ನೆಗಳು ಉಳಿದಿವೆ. ಕುರಿ ಮೇಯಿಸಿದರೆ ಹುಲ್ಲುಗಾವಲು ಹಾಳಾಗುತ್ತದೆ ಎಂದೇ ನಮಗೆ ಪಾಠ ಮಾಡಿದ್ದರು. ಹಟ್ಟಿಯ ಅಣ್ಣ ಬೇರೆಯೇ ಹೇಳುತ್ತಿದ್ದಾರೆ. ಇದನ್ನು ತೀರ್ಮಾನಿಸುವುದು ಹೇಗೆ? ಮುಂದಿನ ಓದಿಗೆ ಎಲ್ಲಿ ಹೋಗಬೇಕು?

ಕಾವಲಿನ ದಾರಿ

ತೀರ್ಮಾನಿಸುವುದು ಬೇಲಿ ಮತ್ತು ಕಾಲದಿಂದ. ಒಂದೇ ಬಗೆಯ ಮಣ್ಣಿನಲ್ಲಿ ಕೆಲವು ತುಂಡುಗಳಿಗೆ ಬೇಲಿ ಹಾಕಿ ಮೇಯಿಸುವುದನ್ನು ನಿಲ್ಲಿಸಿ, ಕೆಲವನ್ನು ಎಂದಿನಂತೆ ಬಿಡಿ. ಮೀಟರ್ ಚೌಕ ಇಟ್ಟು ಪ್ರತಿ ವರ್ಷ ಎಷ್ಟು ಬಗೆಯ ಹುಲ್ಲು, ಎಷ್ಟು ಬರಿ ನೆಲ, ಎಷ್ಟು ಮುಳ್ಳುಗಿಡ ಎಂದು ಬರೆಯಿರಿ. ಮೊದಲ ಒಂದೆರಡು ವರ್ಷ ಬೇಲಿಯೊಳಗೆ ಹುಲುಸಾಗಿ ಕಾಣುತ್ತದೆ. ಆಮೇಲೆ ಒಣಹುಲ್ಲು ಮುಚ್ಚಿಕೊಂಡು ಹೊಸ ಚಿಗುರು ಕುಗ್ಗಬಹುದು, ಬಂದರಿಕೆ, ಜಾಲಿ ಮೇಲೇಳಬಹುದು. ಬೇಲಿಯ ಹೊರಗೆ ಮಂದೆ ಮಿತಿಮೀರಿದರೆ ಬಹುವಾರ್ಷಿಕ ಹುಲ್ಲು ಹೋಗಿ ಒಂದೇ ಮಳೆಗೆ ಹುಟ್ಟಿ ಸಾಯುವ ಗಿಡಗಳಷ್ಟೇ ಉಳಿಯುತ್ತವೆ. ನಿಮ್ಮ ಪಾಠದಲ್ಲಿಯೂ ಸತ್ಯವಿದೆ, ತಮ್ಮನ ಮಾತಿನಲ್ಲಿಯೂ ಸತ್ಯವಿದೆ. ಎಷ್ಟು ಕುರಿ, ಯಾವ ತಿಂಗಳು, ಎಷ್ಟು ದಿನ ಬಿಡುವು ಎನ್ನುವುದರಲ್ಲಿ ಉತ್ತರವಿದೆ. ಗೋಮಾಳಕ್ಕೆ ನೂರು ದನಕ್ಕೆ ಮೂವತ್ತು ಎಕರೆ ಇರಬೇಕೆಂದು ಕಂದಾಯ ನಿಯಮವೇ ಹೇಳುತ್ತದೆ. ಇರುವ ಗೋಮಾಳ ಕರಗಿ, ಉಳಿದ ತುಂಡಿನ ಮೇಲೆ ಎಲ್ಲ ಮಂದೆಯೂ ಬಿದ್ದರೆ ತಪ್ಪು ಕುರಿಗಾಹಿಯದಲ್ಲ.

ಕಾಲದ ಮಾತು ಏಕೆಂದರೆ, ಈ ಸೀಮೆಯ ಮಳೆ ಒಂದು ವರ್ಷದಂತೆ ಇನ್ನೊಂದು ವರ್ಷ ಇರುವುದಿಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಬರದ ವರ್ಷ ಬಂದು ನೋಡಿದವನು ಇದು ಮರುಭೂಮಿ ಎಂದು ಬರೆಯುತ್ತಾನೆ, 2022ರಲ್ಲಿ ಬಂದವನು ಎಲ್ಲ ಸುಭಿಕ್ಷ ಎಂದು ಬರೆಯುತ್ತಾನೆ. ಹೊರಗಿನಿಂದ ಬಂದವರು ಎರಡು ಮೂರು ವರ್ಷದಲ್ಲಿ ಯೋಜನೆ ಮುಗಿಸಿ ಹೋಗುತ್ತಾರೆ. ಅದು ಅವರ ತಪ್ಪಲ್ಲ, ಅನುದಾನ ಅಷ್ಟೇ ಇರುತ್ತದೆ. ಇಲ್ಲೇ ಮನೆಯಿರುವವರಿಗೆ ಮಾತ್ರ ಇಪ್ಪತ್ತು ವರ್ಷದ ಪಟ್ಟಿ ಮಾಡಲು ಸಾಧ್ಯ. ಇಲ್ಲಿ ಉಳಿದರೆ ಹಿಂದೆ ಬೀಳುತ್ತೇನೆಯೇ ಎಂದು ಕೇಳಿದಿರಿ. ಈ ಪಟ್ಟಿ ನಿಮ್ಮ ಕೈಯಲ್ಲಿದ್ದರೆ ನಿಮ್ಮನ್ನು ಹುಡುಕಿಕೊಂಡು ಅವರು ಬರುತ್ತಾರೆ.

ಓದಿಗೆ: ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್‌ನ ವನ್ಯಜೀವಿ ಜೀವಶಾಸ್ತ್ರ ಎಂ.ಎಸ್ಸಿ.ಗೆ ಎರಡು ವರ್ಷಕ್ಕೊಮ್ಮೆ ಪ್ರವೇಶ, ಸ್ಪರ್ಧೆ ಕಠಿಣ. ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ಇದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಭಾಗವೇ ಇದೆ, ನಿಮಗೆ ಹತ್ತಿರ. ಇನ್ನೊಂದು ಎಂ.ಎಸ್ಸಿ. ಬೇಡವೆಂದರೆ ನೆಟ್ ಬರೆದು ನೇರ ಪಿಎಚ್.ಡಿ. ಸೇರಿ. ಸಂಖ್ಯಾಶಾಸ್ತ್ರ ಮತ್ತು ದತ್ತಾಂಶ ವಿಶ್ಲೇಷಿಸುವ ಆರ್ ತಂತ್ರಾಂಶ ಈಗಲೇ ಕಲಿಯಿರಿ, ನಮ್ಮ ಕಡೆಯ ಹುಡುಗರು ಸಂದರ್ಶನದಲ್ಲಿ ಸೋಲುವುದು ಅಲ್ಲಿಯೇ. ಹುಲ್ಲುಗಳನ್ನು ಹೂವಿಲ್ಲದಾಗಲೂ ಗುರುತಿಸುವುದನ್ನು ಕಲಿತರೆ ನಿಮ್ಮಂಥವರು ರಾಜ್ಯದಲ್ಲಿ ಕೆಲವೇ ಜನ.

ಹಟ್ಟಿಯ ಹುಡುಗ

ಹುಲ್ಲು ಗುರುತಿಸುವುದನ್ನು ನಮ್ಮವ್ವ ಕಲಿಸಿಕೊಡುತ್ತಾಳೆ. ಯಾವುದನ್ನು ಕುರಿ ಮೊದಲು ಕಚ್ಚುತ್ತದೆ, ಯಾವುದು ತಿಂದರೆ ಹೊಟ್ಟೆ ಉಬ್ಬುತ್ತದೆ, ಯಾವುದು ಬರಗಾಲದಲ್ಲೂ ಬುಡದಲ್ಲಿ ಹಸಿರಾಗಿರುತ್ತದೆ, ಎಲ್ಲಕ್ಕೂ ಅವಳ ಹತ್ತಿರ ಹೆಸರಿದೆ. ನಮ್ಮ ದೇವರು ಕ್ಯಾತಪ್ಪನ ಜಾತ್ರೆಗೆ ಮುಳ್ಳಿನ ಗುಡಿ ಕಟ್ಟುತ್ತೇವೆ. ಆ ಮುಳ್ಳಿನ ಗಿಡವನ್ನೂ ಈಗ ದೂರದಿಂದ ತರಬೇಕಾಗಿದೆ. ಅದನ್ನೂ ಬರೆದುಕೊಳ್ಳಿ.

ಸೂಳೆಕೆರೆ ದಂಡೆ

ಬರೆಯಲು ಕಾನೂನಿನ ಜಾಗವೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ಜೀವವೈವಿಧ್ಯ ದಾಖಲೆ ಪುಸ್ತಕ ಇರಬೇಕು. ನಾನು ನೋಡಿದ ಕೆಲವು ಪುಸ್ತಕಗಳಲ್ಲಿ ಬೇವು, ಹುಣಸೆ, ಹಸು, ಎಮ್ಮೆ ಎಂದು ಬರೆದು ಮುಗಿಸಿದ್ದರು. ಆ ತಾಯಿಗೆ ಗೊತ್ತಿರುವ ಹುಲ್ಲಿನ ಹೆಸರುಗಳು, ಮಂದೆ ನಡೆಯುವ ದಾರಿ, ಜಾತ್ರೆಯ ಮುಳ್ಳು ಅದರಲ್ಲಿ ಸೇರಿ, ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆಯಾದರೆ, ನಾಳೆ ಯಾರಾದರೂ ಈ ಜಾಗದಲ್ಲಿ ಏನೂ ಇಲ್ಲ ಎಂದರೆ ತೋರಿಸಲು ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಮಗಳೇ, ನಿನ್ನ ಪಂಚಾಯಿತಿಯ ಪುಸ್ತಕ ಕೇಳಿ ನೋಡು. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು.

ಜಗಳೂರಿನವಳು

ಕೇಳುತ್ತೇನೆ ಸರ್. ನೆಟ್‌ಗೆ ಓದುತ್ತಲೇ ನಮ್ಮ ಹೊಲದಿಂದ ಧಾಮದ ಅಂಚಿನವರೆಗಿನ ದಾರಿಯಲ್ಲಿ ತಿಂಗಳಿಗೊಮ್ಮೆ ಹಕ್ಕಿ ಮತ್ತು ಹುಲ್ಲಿನ ಪಟ್ಟಿ ಶುರು ಮಾಡುತ್ತೇನೆ. ಧಾಮದೊಳಗೆ ಹೋಗುವುದಿಲ್ಲ, ಅನುಮತಿಯ ವಿಷಯ ಅರ್ಥವಾಯಿತು. ಅಪ್ಪನಿಗೆ ಎರಡು ವರ್ಷ ಸಮಯ ಕೇಳಿದ್ದೇನೆ. ಮೌನವಾಗಿದ್ದಾರೆ, ಬೇಡ ಎಂದಿಲ್ಲ.

ಮೊಳಕಾಲ್ಮುರು ಶೇಂಗಾ

ತಂಗಿ, ಒಳ್ಳೆಯದಾಗಲಿ. ಕಾವಲಿನವರಿಗೆ ಒಂದು ಕೇಳಿಕೆ: ಆ ಕ್ಯಾಮೆರಾಗಳಲ್ಲಿ ಒಂದನ್ನು ನಮ್ಮ ಹೊಲದ ಬದುವಿನಲ್ಲಿ ಇಡಲು ಆಗುತ್ತದೆಯೇ? ಬೆಳೆ ಹಾನಿಗೆ ಅರ್ಜಿ ಕೊಟ್ಟಾಗ ಯಾವ ಪ್ರಾಣಿ ಎಂದು ಕೇಳುತ್ತಾರೆ. ಹೆಜ್ಜೆ ತೋರಿಸುವ ಹೊತ್ತಿಗೆ ಗಾಳಿಗೆ ಅಳಿಸಿಹೋಗಿರುತ್ತದೆ.

ಕಾವಲಿನ ದಾರಿ

ಆಗುತ್ತದೆ ಅಣ್ಣ. ನಿಮ್ಮ ಸ್ವಂತ ಜಮೀನು, ನಿಮ್ಮ ಒಪ್ಪಿಗೆಯ ಪತ್ರ ಇದ್ದರೆ ಸಾಕು. ಅರಣ್ಯ ಇಲಾಖೆಯ ವಲಯ ಕಚೇರಿಗೂ ಒಂದು ಪ್ರತಿ ಕೊಟ್ಟು ತಿಳಿಸಿಡುತ್ತೇನೆ. ಕಾಯಿ ಕಟ್ಟುವ ಹೊತ್ತಿಗೆ, ಕೀಳುವವರೆಗೆ ಇಡೋಣ. ಫೋಟೊಗಳ ಮೇಲೆ ದಿನಾಂಕ, ಸಮಯ ಬರುತ್ತದೆ, ಅರ್ಜಿಯ ಜೊತೆ ಲಗತ್ತಿಸಬಹುದು. ಪಕ್ಕದ ಹೊಲದವರಲ್ಲಿ ಇನ್ನಿಬ್ಬರು ಒಪ್ಪಿದರೆ ಮೂರು ಕಡೆ ಇಡಬಹುದು, ಹಂದಿ ಯಾವ ಹಳ್ಳದ ಕಡೆಯಿಂದ ಬರುತ್ತದೆ ಎಂದು ತಿಳಿಯುತ್ತದೆ. ಬಿತ್ತನೆ ಆದಮೇಲೆ ಇಲ್ಲೇ ಸಂದೇಶ ಹಾಕಿ.